ದೀಪಾವಳಿ ರಜೆಗೆ ಮುಂಚೆ: ಸುಟ್ಟ ಗಾಯದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ದೀಪಾವಳಿ ರಜೆ ಹತ್ತಿರ ಬಂತು. ಪಟಾಕಿ ಬಗ್ಗೆ ಮಕ್ಕಳಿಗೆ ತರಗತಿಯಲ್ಲೇ ಹೇಳಿದ್ದೇವೆ. ನನಗೆ ಅದಕ್ಕಿಂತ ಜಾಸ್ತಿ ಭಯ ಇರುವುದು ನರಕ ಚತುರ್ದಶಿ ಬೆಳಗಿನ ಹಂಡೆ ನೀರಿನದು. ನಸುಕಿನಲ್ಲಿ ನಿದ್ದೆಗಣ್ಣಿನ ಮಕ್ಕಳು, ಮೈತುಂಬ ಎಣ್ಣೆ, ಜಾರುವ ಬಚ್ಚಲು, ಪಕ್ಕದಲ್ಲೇ ಕುದಿಯುವ ನೀರು. ಮಕ್ಕಳ ಚರ್ಮ ನಮ್ಮದಕ್ಕಿಂತ ತೆಳು. 60 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೂ ಸಾಕು, ಕೆಲವೇ ಸೆಕೆಂಡಿನಲ್ಲಿ ಆಳಕ್ಕೆ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿ, ಬಿಸಿನೀರು ಆಮೇಲೆ.

ಗಾಯ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಿ ಡಾಕ್ಟರು ಒಂದನೇ, ಎರಡನೇ, ಮೂರನೇ ಡಿಗ್ರಿ ಎನ್ನುತ್ತಾರೆ. ಒಂದನೇ ಡಿಗ್ರಿಯಲ್ಲಿ ಮೇಲಿನ ಪದರ ಮಾತ್ರ ಸುಟ್ಟಿರುತ್ತದೆ. ಕೆಂಪಾಗುತ್ತದೆ, ಉರಿಯುತ್ತದೆ, ಬೊಬ್ಬೆ ಏಳುವುದಿಲ್ಲ. ಸುಮಾರು ಒಂದು ವಾರದಲ್ಲಿ ಕಲೆ ಇಲ್ಲದೆ ಮಾಯುತ್ತದೆ.

ಬೊಬ್ಬೆ ಎದ್ದರೆ ಅದು ಎರಡನೇ ಡಿಗ್ರಿ. ಗಾಯ ಒದ್ದೆಯಾಗಿರುತ್ತದೆ, ಗಾಳಿ ತಾಗಿದರೂ ಮಗು ಚೀರುತ್ತದೆ. ಆಳ ಕಡಿಮೆ ಇದ್ದರೆ ಎರಡು ಮೂರು ವಾರ ಬೇಕು, ಹೆಚ್ಚಿದ್ದರೆ ಇನ್ನೂ ಜಾಸ್ತಿ, ಕಲೆಯೂ ಉಳಿಯಬಹುದು. ಬೊಬ್ಬೆ ಒಡೆಯಬೇಡಿ. ಕೆಳಗಿನ ಹಸಿ ಚರ್ಮವನ್ನು ಕೀವಾಗದಂತೆ ಕಾಯುವುದು ಅದೇ.

ಮೂರನೇ ಡಿಗ್ರಿಯ ಬಗ್ಗೆ ದಯವಿಟ್ಟು ಎರಡು ಸಲ ಓದಿ. ಇಲ್ಲಿ ಚರ್ಮದ ಅಷ್ಟೂ ದಪ್ಪ ಸುಟ್ಟಿರುತ್ತದೆ. ಗಾಯ ಬಿಳಿಯಾಗಿಯೋ ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ, ಚಕ್ಕಳದ ಹಾಗೆ ಒಣಗಿ ಗಟ್ಟಿಯಾಗಿರುತ್ತದೆ. ನೋವು ತಿಳಿಸುವ ನರಗಳೇ ಸುಟ್ಟುಹೋಗಿರುವುದರಿಂದ ಆ ಜಾಗದಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಮಗು ಅಳುತ್ತಿಲ್ಲ, ಏನೂ ಆಗಿಲ್ಲ ಬಿಡಿ ಅಂತ ಮನೆಯವರು ಸುಮ್ನೆ ಇದ್ದುಬಿಡುವುದು ಇಂಥ ಗಾಯಕ್ಕೇ. ಇದು ತಾನಾಗಿ ಮಾಯುವ ಗಾಯವಲ್ಲ. ಬಹಳ ಸಲ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. ಅಳುವನ್ನು ಅಳತೆಗೋಲು ಮಾಡಿಕೊಳ್ಳಬೇಡಿ, ಚರ್ಮದ ಬಣ್ಣ ನೋಡಿ. ಕರೆಂಟ್ ಹೊಡೆದ ಗಾಯವನ್ನಂತೂ ಬಣ್ಣ ನೋಡಿಯೂ ನಂಬುವಂತಿಲ್ಲ. ಹೊರಗೆ ಚುಕ್ಕೆಯಷ್ಟಿದ್ದರೂ ಒಳಗೆ ತುಂಬ ಸುಟ್ಟಿರಬಹುದು.

ಯಾವ ಡಿಗ್ರಿಯಾದರೂ ಮೊದಲ ಕೆಲಸ ಒಂದೇ. ನಲ್ಲಿ ಕೆಳಗೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಲೇ ಇರಿ. ಸುಟ್ಟು ಸ್ವಲ್ಪ ಹೊತ್ತಾಗಿದ್ದರೂ ಪರವಾಗಿಲ್ಲ, ಮೂರು ಗಂಟೆಯೊಳಗೆ ನೀರು ಹಾಕಿದರೆ ಉಪಯೋಗ ಇದೆ. ಐಸ್ ಬೇಡ, ಅದರಿಂದ ಚರ್ಮ ಇನ್ನಷ್ಟು ಹಾಳಾಗುತ್ತದೆ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ, ಉಡಿದಾರ ತೆಗೆಯಿರಿ. ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಆಮೇಲೆ ಒಗೆದ ಹತ್ತಿ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಉಳಿದ ಮೈ ಬೆಚ್ಚಗಿರಲಿ.

ಟೂತ್‌ಪೇಸ್ಟ್, ಇಂಕು, ಕಾಫಿಪುಡಿ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಅಜ್ಜಿಯರು ಪ್ರೀತಿಯಿಂದಲೇ ಹಚ್ಚುತ್ತಾರೆ, ಗೊತ್ತು. ಆದರೆ ಬಿಸಿ ಒಳಗೇ ಉಳಿಯುತ್ತದೆ, ಗಾಯ ಕೀವಾಗಬಹುದು. ಡಾಕ್ಟರಿಗೆ ಚರ್ಮದ ನಿಜವಾದ ಬಣ್ಣ ಕಾಣದೆ ಡಿಗ್ರಿ ಗೊತ್ತಾಗುವುದಿಲ್ಲ. ಮತ್ತೆ ಅದನ್ನು ಉಜ್ಜಿ ತೆಗೆಯುವಾಗ ಮಗು ಪಡುವ ಪಾಡು ಯಾರಿಗೂ ಬೇಡ. ಈ ವಿಷಯವನ್ನು ಮನೆಯ ಹಿರಿಯರಿಗೂ ಓದಿ ಹೇಳಿ.

ಮಗುವಿನ ಅಂಗೈ, ಬೆರಳೂ ಸೇರಿ, ಅದರ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಬೊಬ್ಬೆ ಎದ್ದ ಜಾಗ ಅದಕ್ಕಿಂತ ದೊಡ್ಡದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಗಾಯ ಚಿಕ್ಕದಾದರೂ ತೋರಿಸಲೇಬೇಕು. ಮೂರನೇ ಡಿಗ್ರಿ ಅನ್ನಿಸಿದರೆ, ಕರೆಂಟ್ ಹೊಡೆದಿದ್ದರೆ, ಹೊಗೆ ಕುಡಿದಿದ್ದರೆ 108ಕ್ಕೆ ಫೋನ್ ಮಾಡಿ. ಟಿಟಿ ಚುಚ್ಚುಮದ್ದು ಯಾವಾಗ ಆಗಿದೆ ಅಂತ ಡಾಕ್ಟರು ಕೇಳುತ್ತಾರೆ, ಲಸಿಕೆ ಕಾರ್ಡ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಸುರುಸುರು ಬತ್ತಿ ಚಿಕ್ಕ ಮಕ್ಕಳಿಗೆ ಅಂತಲೇ ಕೊಡುತ್ತೇವೆ ಅಲ್ವಾ? ಅದರ ಬಿಸಿ 1000 ಡಿಗ್ರಿ ದಾಟುತ್ತದೆ. ಆರಿದ ಕಡ್ಡಿಯನ್ನು ನೆಲಕ್ಕೆ ಎಸೆಯಬೇಡಿ, ನೀರಿನ ಬಕೆಟ್ಟಿಗೆ ಹಾಕಿಸಿ. ಬರಿಗಾಲಲ್ಲಿ ಅದನ್ನು ತುಳಿದ ಮಕ್ಕಳೂ ಆಸ್ಪತ್ರೆಗೆ ಬರುತ್ತಾರೆ.

ರಜೆಯಲ್ಲಿ ಯಾವ ಮಗುವಿಗಾದರೂ ಸುಟ್ಟಿದ್ದರೆ ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದು ಕಳಿಸಿ. ಗಾಯ ಪೂರ್ತಿ ಮಾಯುವ ತನಕ ಬಿಸಿಲಿನಲ್ಲಿ ಆಟದ ಪೀರಿಯಡ್ ಬೇಡ, ನೆರಳಿನಲ್ಲಿ ಕೂರಿಸುತ್ತೇವೆ. ಯೂನಿಫಾರ್ಮ್ ಒತ್ತಿ ನೋವಾಗುತ್ತಿದ್ದರೆ ಸಡಿಲವಾದ ಹತ್ತಿ ಬಟ್ಟೆ ಹಾಕಿ ಕಳಿಸಿ, ಯಾರೂ ಕೇಳುವುದಿಲ್ಲ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ