ಮಂಗಳೂರಿನಲ್ಲಿ ಎರಡು ಸ್ಟೇಷನ್ ಇವೆ: ನಿಮ್ಮ ‘ನೋ ಶೋ’ ವಿರುದ್ಧ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ಮಂಗಳೂರು ಜಂಕ್ಷನ್‌ಗೆ ಬರಬೇಕಿದ್ದ ಟ್ಯಾಕ್ಸಿಯನ್ನು ಮಂಗಳೂರು ಸೆಂಟ್ರಲ್‌ಗೆ ಕಳಿಸಿ, ನಾವೇ ಬರಲಿಲ್ಲ ಎಂದು ಬರೆದು ಹಣ ಹಿಡಿದಿರುವುದು

ಮಾನ್ಯರೇ,

ಫೋನಿನಲ್ಲಿ ಹೇಳಿ ಆಯಿತು. ಇಮೇಲ್ ಕಳಿಸಿ ಆಯಿತು. ನಿಮ್ಮ ಕೌಂಟರ್ ಮುಂದೆ ಬಂದು ನಿಂತದ್ದೂ ಆಯಿತು. ನಿನ್ನೆ ನಿಮ್ಮಿಂದ ಬಂದ ಉತ್ತರ ಇಷ್ಟೇ: ‘ಗ್ರಾಹಕರು ಪಿಕಪ್ ಸ್ಥಳಕ್ಕೆ ಬಾರದ ಕಾರಣ ಹಣ ವಾಪಸ್ ಇಲ್ಲ. ದೂರು ಮುಕ್ತಾಯ.’ ಗ್ರಾಹಕರು ಬಂದಿದ್ದರು. ಬಾರದೇ ಹೋದದ್ದು ನಿಮ್ಮ ಕಾರು.

ನಡೆದದ್ದನ್ನು ಮತ್ತೆ ಬರೆಯುತ್ತೇನೆ, ಕಾಗದದ ಮೇಲೆ ಇರಲಿ. ಮಂಗಳೂರಿಗೆ ರೈಲು ಟಿಕೆಟ್, ಅಲ್ಲಿಂದ ಮೂಡುಬಿದಿರೆಗೆ ಟ್ಯಾಕ್ಸಿ, ಎರಡನ್ನೂ ಒಟ್ಟಿಗೆ ನಿಮ್ಮಲ್ಲೇ ಮಾಡಿಸಿದೆ. ಸೋದರಮಾವನ ಮನೆ ಒಕ್ಕಲಿತ್ತು. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ವಾಕರ್ ಹಿಡಿದೇ ನಡೆಯಬೇಕು. ಇದನ್ನು ಬುಕ್ಕಿಂಗ್ ಸಮಯದಲ್ಲೇ ಹೇಳಿದ್ದೆ, ನಿಮ್ಮ ವೌಚರ್‌ನಲ್ಲಿ ಬರೆದೂ ಇದೆ. ನೀವು ಕೊಡಿಸಿದ್ದು ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಗೋಮಟೇಶ್ವರ ಎಕ್ಸ್‌ಪ್ರೆಸ್. ಆ ರೈಲು ಮಂಗಳೂರು ಜಂಕ್ಷನ್‌ನಲ್ಲಿ ನಿಂತರೆ ಮುಗಿಯಿತು, ಮುಂದೆ ಹೋಗುವುದಿಲ್ಲ. ನೀವೇ ಕಳಿಸಿದ ಟಿಕೆಟ್‌ನಲ್ಲಿ ಎಂಎಜೆಎನ್ ಎಂಬ ಜಂಕ್ಷನ್‌ನ ಕೋಡ್ ಇದೆ. ನೀವೇ ಕಳಿಸಿದ ಟ್ಯಾಕ್ಸಿ ವೌಚರ್‌ನಲ್ಲಿ ‘ಮಂಗಳೂರು ರೈಲ್ವೆ ಸ್ಟೇಷನ್’ ಅಂತ ಮಾತ್ರ ಇದೆ. ಎರಡೂ ಒಂದೇ ಬುಕ್ಕಿಂಗ್ ನಂಬರ್.

ಸಂಜೆ ಇಳಿದೆವು. ಜೋರು ಮಳೆ. ಡ್ರೈವರ್‌ಗೆ ಫೋನ್ ಮಾಡಿದರೆ, “ನಾನು ಸ್ಟೇಷನ್ ಎದುರೇ ಇದ್ದೇನಲ್ಲ ಮೇಡಂ” ಅಂದರು. ನಾವು ಜಂಕ್ಷನ್‌ನಲ್ಲಿದ್ದೇವೆ ಅಂದೆ. “ಓ, ಕಂಕನಾಡಿ ಸ್ಟೇಷನ್ನಾ! ನನಗೆ ಕೊಟ್ಟದ್ದು ಸೆಂಟ್ರಲ್ ಅಂತ ಉಂಟು ಮಾರಾಯ್ರೆ. ಕಂಪನಿಯವರು ಚೇಂಜ್ ಮಾಡಿ ಕೊಟ್ಟರೆ ಈಗಲೇ ಹೊರಡ್ತೇನೆ” ಅಂದರು. ಕಂಕನಾಡಿ ಅಂದರೆ ಜಂಕ್ಷನ್‌ನ ಹಳೆಯ ಹೆಸರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ, ಇದನ್ನು ಅವರ ಮೇಲೆ ಹಾಕಬೇಡಿ. ಎರಡು ಸ್ಟೇಷನ್ ನಡುವೆ ಇರುವುದು ಐದಾರು ಕಿಲೋಮೀಟರ್. ನಿಮ್ಮ ಕಡೆಯಿಂದ ಒಬ್ಬರು ಒಂದು ಬಟನ್ ಒತ್ತಿದ್ದರೆ ಸಾಕಿತ್ತು. ಆದರೆ ನಿಮ್ಮ ಸಹಾಯವಾಣಿಯವರು ಹೇಳಿದ್ದು, ಪಿಕಪ್ ಜಾಗ ಬದಲಿಸಲು 4 ಗಂಟೆ ಮೊದಲೇ ತಿಳಿಸಬೇಕಂತೆ. ನಾನು ಯಾವ ಜಾಗವನ್ನೂ ಬದಲಿಸಿ ಅನ್ನಲಿಲ್ಲ. ಟಿಕೆಟ್‌ನಲ್ಲಿ ಇದ್ದ ಜಾಗಕ್ಕೆ ಬನ್ನಿ ಅಂದೆ. ಅರ್ಧ ಗಂಟೆ ಕಳೆಯಿತು, ಟ್ರಿಪ್ ತಾನಾಗಿಯೇ ಕ್ಯಾನ್ಸಲ್ ಆಯಿತು. ಮೊದಲೇ ಕಟ್ಟಿದ್ದ ₹1,850 ಹೋಯಿತು, ಮೇಲೆ ₹500 ‘ನೋ ಶೋ’ ಶುಲ್ಕ. ಅಮ್ಮನನ್ನು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂರಿಸಿ, ಮಳೆಯಲ್ಲಿ ಹೊರಗೆ ಹೋಗಿ ಬೇರೆ ಟ್ಯಾಕ್ಸಿ ಹುಡುಕಿದೆ. ಮೂಡುಬಿದಿರೆ ತಲುಪುವಾಗ ರಾತ್ರಿಯಾಗಿತ್ತು.

ಇಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಿಮ್ಮ ಕೌಂಟರ್‌ನಲ್ಲಿ ನಡೆದದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಎರಡನೇ ಕೌಂಟರ್‌ನಲ್ಲಿದ್ದ ಹುಡುಗ ನನ್ನ ಟಿಕೆಟ್ ತೆಗೆದುಕೊಳ್ಳಲೂ ಇಲ್ಲ. ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದ. ಮ್ಯಾಪ್ ತೆರೆದು ‘ಮಂಗಳೂರು ಸ್ಟೇಷನ್’ ಅಂತ ಟೈಪ್ ಮಾಡಿದ. ಹಂಪನಕಟ್ಟೆ ಹತ್ತಿರ ಕೆಂಪು ಗುರುತು ಬಂತು. ಪೆನ್ನಿನ ತುದಿಯಿಂದ ಅದನ್ನು ತಟ್ಟುತ್ತಾ, “ಮೇಡಂ, ಸ್ಟೇಷನ್ ಇಲ್ಲಿದೆ. ನೀವು ಇನ್ನೆಲ್ಲೋ ಇಳಿದ್ರೆ ನಾವೇನ್ ಮಾಡೋಣ?” ಅಂದ.

ಟಿಕೆಟ್ ನೋಡಪ್ಪಾ, ಜಂಕ್ಷನ್ ಅಂತ ಇದೆ ಅಂದೆ.

“ಇನ್ನೊಂದು ಸ್ಟಾಪ್ ಕೂತಿದ್ರೆ ಸೆಂಟ್ರಲ್ ಬರ್ತಿತ್ತು. ಎಲ್ಲಾ ಟ್ರೈನೂ ಅಲ್ಲಿಗೇ ಹೋಗೋದು.”

ಈ ರೈಲು ಹೋಗಲ್ಲ, ಅದೇ ಕೊನೆಯ ಸ್ಟೇಷನ್ ಅಂದೆ. ನಂಬಲಿಲ್ಲ. “ನಿಮಗೆ ಕನ್ನಡ ಓದೋಕೆ ಬರುತ್ತಲ್ವಾ? ಬೋರ್ಡ್ ನೋಡಿ ಇಳೀಬೇಕಿತ್ತು” ಅಂದ. ನಾನು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. ನನ್ನ ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು, ಒಬ್ಬರು ನಕ್ಕರು. ಅವನು ಪಕ್ಕದ ಕೌಂಟರ್‌ನವಳಿಗೆ, ದನಿಯನ್ನೂ ಇಳಿಸದೆ, “ಆಂಟಿ ಸ್ಟೇಷನ್ ತಪ್ಪಿ ಇಳಿದಿದಾರೆ” ಅಂದ. ಆಮೇಲೆ ಒಂದು ಫಾರಂ ಮುಂದೆ ತಳ್ಳಿದ. ಕಾರಣದ ಜಾಗದಲ್ಲಿ ‘ಗ್ರಾಹಕರು ಬಾರದಿರುವುದು’ ಅಂತ ಮೊದಲೇ ಅಚ್ಚಾಗಿತ್ತು. ಅದಕ್ಕೆ ಸಹಿ ಹಾಕಿದರೆ ಮುಂದಿನ ಪ್ರಯಾಣಕ್ಕೆ ₹200 ಕೂಪನ್ ಕೊಡುತ್ತಾರಂತೆ. ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ. ₹200ಕ್ಕೆ ನಾನು ಸುಳ್ಳಿಗೆ ಸಹಿ ಹಾಕುತ್ತೇನೆ ಅಂತ ನಿಮ್ಮವರು ಅಂದುಕೊಂಡರಲ್ಲ, ಅದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು.

ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನೀವು. ಮಂಗಳೂರು ಸೆಂಟ್ರಲ್ 1907ರ ಹಳೆಯ ಸ್ಟೇಷನ್. ಹಳಿ ಅಲ್ಲಿಗೇ ಮುಗಿಯುತ್ತದೆ. ಒಳಗೆ ಹೋದ ರೈಲು ಹೊರಗೆ ಬರಬೇಕಾದರೆ ಎಂಜಿನ್ ಆ ತುದಿಯಿಂದ ಈ ತುದಿಗೆ ಬರಬೇಕು. ಜಂಕ್ಷನ್ ಇರುವುದು ಪಡೀಲ್ ಕಡೆ, ಮುಖ್ಯ ದಾರಿಯ ಮೇಲೆ. ಅದಕ್ಕೇ ಮುಂಬೈನಿಂದ ಕೇರಳಕ್ಕೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗುತ್ತದೆ. ಮುಂಬೈನಿಂದಲೇ ಬರುವ ಮತ್ಸ್ಯಗಂಧ ಸೆಂಟ್ರಲ್‌ಗೆ ಹೋಗುತ್ತದೆ. ಚೆನ್ನೈ ಮೇಲ್, ಮಾವೇಲಿ, ಮಲಬಾರ್ ಹೊರಡುವುದು ಸೆಂಟ್ರಲ್‌ನಿಂದ. ನಮ್ಮ ಬೆಂಗಳೂರಿನ ರೈಲುಗಳನ್ನೇ ನೋಡಿ. ಕಣ್ಣೂರಿಗೆ ಹೋಗುವ ರಾತ್ರಿ ರೈಲು ಸೆಂಟ್ರಲ್‌ಗೆ ಹೋಗುತ್ತದೆ. ಗೋಮಟೇಶ್ವರ ಹೋಗುವುದಿಲ್ಲ. ಕಾರವಾರದ ಪಂಚಗಂಗಾ ಎರಡಕ್ಕೂ ಹೋಗದೆ, ಪಡೀಲ್ ಬೈಪಾಸ್‌ನಲ್ಲೇ ಸುರತ್ಕಲ್ ದಾರಿ ಹಿಡಿಯುತ್ತದೆ. ಇಷ್ಟು ವ್ಯತ್ಯಾಸ ಇರುವ ಊರಿಗೆ ಟಿಕೆಟ್ ಮತ್ತು ಟ್ಯಾಕ್ಸಿ ಸೇರಿಸಿ ಮಾರುವವರು, ವೌಚರ್‌ನಲ್ಲಿ ಸ್ಟೇಷನ್ ಹೆಸರನ್ನು ಪೂರ್ತಿ ಬರೆಯಬಾರದೇ?

ನಮ್ಮ ಊರಿನಲ್ಲಿ ಯಾರಾದರೂ ‘ಬೆಂಗಳೂರು ಸ್ಟೇಷನ್‌ಗೆ ಕಾರು ಕಳಿಸಿ’ ಅಂದರೆ ನೀವು ಏನು ಮಾಡುತ್ತೀರಿ? ಮೆಜೆಸ್ಟಿಕ್ಕಾ, ಯಶವಂತಪುರವಾ, ಕಂಟೋನ್ಮೆಂಟಾ, ಬೈಯಪ್ಪನಹಳ್ಳಿಯಾ ಅಂತ ಕೇಳುತ್ತೀರಿ ತಾನೇ? ಮಂಗಳೂರಿನ ಜನಕ್ಕೂ ಅಷ್ಟೇ ಮರ್ಯಾದೆ ಕೊಡಿ. ಅಲ್ಲಿನ ಹಳಿ ದಕ್ಷಿಣ ರೈಲ್ವೆ, ನೈರುತ್ಯ ರೈಲ್ವೆ, ಕೊಂಕಣ ರೈಲ್ವೆ ಅಂತ ಮೂವರ ನಡುವೆ ಹಂಚಿಹೋಗಿದೆ. ಆ ಕಡೆಯ ಪ್ರಯಾಣಿಕರು ಮೊದಲೇ ಸಾಕಷ್ಟು ಅಲೆಯುತ್ತಾರೆ. ನೀವೂ ಅವರನ್ನು ಅಲೆಸಬೇಕಾಗಿಲ್ಲ.

ನಿಮ್ಮ ನಿಯಮ ನಿಮಗೆ ಗೊತ್ತಿರಬೇಕು. ವೌಚರ್‌ನ ಹಿಂದೆ 7ನೇ ಷರತ್ತು ಓದಿ: ಪಿಕಪ್ ಸ್ಥಳದ ವಿವರ ಸಂಸ್ಥೆಯಿಂದ ತಪ್ಪಾಗಿದ್ದರೆ ಪೂರ್ತಿ ಹಣ ವಾಪಸ್. ಟಿಕೆಟ್, ವೌಚರ್, ಡ್ರೈವರ್ ಜೊತೆಗಿನ ಕರೆಯ ದಾಖಲೆ, ಬೇರೆ ಟ್ಯಾಕ್ಸಿಯ ರಸೀದಿ, ಎಲ್ಲದರ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನನಗೆ ಬೇಕಾದದ್ದು ₹2,350 ವಾಪಸ್. ನಿಮ್ಮ ದಾಖಲೆಯಿಂದ ನಮ್ಮ ಹೆಸರಿನ ಮುಂದಿರುವ ‘ನೋ ಶೋ’ ತೆಗೆಯಬೇಕು. ಅಮ್ಮನಿಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು. ಕೂಪನ್ ಬೇಡ.

ಹದಿನೈದು ದಿನ ಕೊಡುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನು ವಾಸ ಇರುವ ಜಾಗದಲ್ಲೇ ದೂರು ಕೊಡಬಹುದು. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ವಕೀಲರು ಬೇಕೆಂದೂ ಇಲ್ಲ, ನಾನೇ ವಾದ ಮಾಡುತ್ತೇನೆ. ನಿವೃತ್ತಳು, ನನಗೆ ಸಮಯ ಇದೆ. ಆಗ ₹2,350ಕ್ಕೆ ನಿಲ್ಲುವುದಿಲ್ಲ. ಬೇರೆ ಟ್ಯಾಕ್ಸಿಗೆ ಕೊಟ್ಟ ₹1,600, ಅಮ್ಮ ಪಟ್ಟ ಕಷ್ಟಕ್ಕೆ ಪರಿಹಾರ, ಓಡಾಟದ ಖರ್ಚು ಎಲ್ಲ ಕೇಳುತ್ತೇನೆ. ನಮ್ಮ ಬಡಾವಣೆಯ ಹಿರಿಯರ ಸಂಘದವರು ಧರ್ಮಸ್ಥಳ, ಕಟೀಲು ಪ್ರವಾಸಕ್ಕೆ ನಿಮ್ಮಲ್ಲೇ ಬುಕ್ ಮಾಡುವವರಿದ್ದರು. ಅವರಿಗೆ ಈ ಪತ್ರವನ್ನು ಓದಿ ಹೇಳಿದ್ದೇನೆ, ಅವರು ಬೇರೆ ಕಡೆ ವಿಚಾರಿಸುತ್ತಿದ್ದಾರೆ.

ಆಯೋಗದ ಮುಂದೆ ಎರಡನೇ ಕೌಂಟರ್‌ನ ಆ ಹುಡುಗನನ್ನೇ ಕಳಿಸಿ. ಆ ರೈಲು ಸೆಂಟ್ರಲ್‌ಗೆ ಹೋಗುತ್ತದೆ ಅಂತ ಅಲ್ಲಿ, ಎಲ್ಲರ ಎದುರಿಗೆ, ಪ್ರಮಾಣ ಮಾಡಿ ಹೇಳಲಿ.

ಇಂತಿ,
ಟಿಕೆಟ್ ಬುಕ್ ಮಾಡಿದ ಗ್ರಾಹಕಿ,
ರಾಜಾಜಿನಗರ, ಬೆಂಗಳೂರು