ದಾನದ ದುಡ್ಡು ಬಿಸಿಲೆಗೂ ಬರಲಿ

ಮಾನ್ಯರೇ,

ಅಮೆಜಾನ್ ಮಳೆಕಾಡು ಉಳಿಸಲು ದೇಣಿಗೆ ಕೊಡಿ ಎಂಬ ಮನವಿ ಮೊಬೈಲಿಗೆ ಆಗಾಗ ಬರುತ್ತದೆ. ಒಳ್ಳೆಯದೇ. ಆದರೆ ನಮ್ಮ ಸಕಲೇಶಪುರದ ಬಿಸಿಲೆಯದೂ ಮಳೆಕಾಡೇ ಅಲ್ವಾ? ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಹೇಮಾವತಿಗೆ, ಇನ್ನೊಂದು ಕುಮಾರಧಾರೆಗೆ ಹೋಗುತ್ತದೆ. ಹಾಸನ, ಮಂಡ್ಯದ ಗದ್ದೆಗಳೂ ಈ ಕಾಡಿನ ಋಣದಲ್ಲಿವೆ.

2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾಡು, ಪ್ರಾಣಿಗಳ ರಕ್ಷಣೆಯೂ ಅದರಲ್ಲಿ ಸೇರಿದೆ. ನಮಗೆ ಜಾಸ್ತಿ ಕಾಣುವುದು ಸಸಿ ನೆಡುವ ಫೋಟೋ ಮಾತ್ರ. (ನೆಟ್ಟವರು ಬೇಸಿಗೆಯಲ್ಲಿ ನೀರು ಹಾಕಲು ಬಂದಿದ್ದನ್ನು ನಾನಂತೂ ನೋಡಿಲ್ಲ.) ಸುಮ್ನೆ ಅಕೇಶಿಯಾ ನೆಟ್ಟರೆ ಮಳೆಕಾಡು ಆಗುವುದಿಲ್ಲ. ಆ ಹಣ ಕಾಡಿಗೆ ಬೆಂಕಿ ಬೀಳದಂತೆ ಕಾಯುವವರ ಕೂಲಿಗೆ, ಧೂಪ, ನೇರಳೆ ಸಸಿ ಬೆಳೆಸುವ ಊರಿನ ನರ್ಸರಿಗೆ ಹೋಗಲಿ. ಖರ್ಚಿನ ಲೆಕ್ಕವನ್ನು ಪಂಚಾಯಿತಿ ಬೋರ್ಡಿನಲ್ಲಿ ಹಾಕಲಿ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ