ಶನಿವಾರ ಸಂಜೆ 6ಕ್ಕೆ: ಲಾಗ್‌ಗಳೆಲ್ಲ ಕಲಬುರಗಿ ಸರ್ವರಿಗೆ

ಎಲ್ಲರಿಗೂ ಶರಣು. ಈ ಶನಿವಾರದಿಂದ ಬೀದರ್, ಯಾದಗಿರಿ ಶಾಖೆಗಳ ಲಿನಕ್ಸ್ ಯಂತ್ರಗಳ ಲಾಗ್ (ಯಂತ್ರದಲ್ಲಿ ಏನೇನಾಯಿತು ಎಂಬ ದಾಖಲೆ) ಕಲಬುರಗಿಗೇ ಬರಬೇಕು.

ಕಲಬುರಗಿಯವರು: ಆರ್‌ಸಿಸ್‌ಲಾಗ್ (rsyslog, ಲಾಗ್ ಬರೆಯುವ, ಕಳಿಸುವ ಪ್ರೋಗ್ರಾಂ) ಕಾನ್ಫಿಗ್ ಫೈಲಿನಲ್ಲಿ ಐಎಂಟಿಸಿಪಿ (imtcp, ಹೊರಗಿನಿಂದ ಟಿಸಿಪಿಯಲ್ಲಿ ಲಾಗ್ ಪಡೆಯುವ) ಮಾಡ್ಯೂಲ್ ಮತ್ತು ಪೋರ್ಟ್ 514ರ ಸಾಲುಗಳ ಮುಂದಿನ ಹ್ಯಾಶ್ (#) ತೆಗೆಯಿರಿ. ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ಶಾಖೆಗಳ ಐಪಿಗೆ ಮಾತ್ರ ಬಿಡಿ. ಊರಿಗೆಲ್ಲ ತೆರೆದಿಟ್ಟರೆ ಯಾರಾದರೂ ಕಸ ಸುರಿದು ಡಿಸ್ಕ್ ತುಂಬಿಸಿಬಿಡುತ್ತಾರೆ. ಲಾಗ್‌ರೊಟೇಟ್ (ಹಳೆ ಲಾಗ್ ತೆಗೆದು ಹೊಸ ಫೈಲ್ ಶುರುಮಾಡುವ ಪ್ರೋಗ್ರಾಂ) ಮರೆಯಬೇಡಿ.

ಶಾಖೆಯವರು: ನಿಮ್ಮ ಯಂತ್ರದ ಆರ್‌ಸಿಸ್‌ಲಾಗ್ ಕಾನ್ಫಿಗ್ ಫೈಲಿನಲ್ಲಿ *.* (ಎಂದರೆ ಎಲ್ಲ ಲಾಗ್) ಆದಮೇಲೆ ಎರಡು @ ಹಾಕಿ ಸರ್ವರ್ ಐಪಿ, ಪೋರ್ಟ್ ಬರೆಯಿರಿ. ಎರಡು @ ಅಂದರೆ ಟಿಸಿಪಿ, ಸಂಪರ್ಕ ಕಟ್ಟಿಕೊಂಡು ಕಳಿಸುವ ರೀತಿ. ಒಂದೇ @ ಅಂದರೆ ಯುಡಿಪಿ, ತಲುಪಿತೋ ಎಂದು ನೋಡದೆ ಕಳಿಸುವ ರೀತಿ. ಲೈನ್ ಹೋದಾಗ ಸಂದೇಶ ಕಳೆದದ್ದೂ ಗೊತ್ತಾಗುವುದಿಲ್ಲ. ಆದರೆ ಟಿಸಿಪಿಗೂ ಒಂದು ಕಾಟ ಇದೆ: ಸರ್ವರ್ ಬಹಳ ಹೊತ್ತು ಸಿಗದಿದ್ದರೆ ಮುಖ್ಯ ಕ್ಯೂ (ಸಂದೇಶಗಳು ಕಾಯುವ ಸಾಲು) ತುಂಬಿ ನಿಮ್ಮ ಯಂತ್ರದ ಸ್ವಂತ ಲಾಗೂ ನಿಲ್ಲುತ್ತದೆ, ಲಾಗಿನ್ ಕೂಡ ಸಿಕ್ಕಿಹಾಕಿಕೊಳ್ಳಬಹುದು. ಅದಕ್ಕೇ @@ ಸಾಲಿನ ಮೇಲೆ (ಕೆಳಗೆ ಹಾಕಿದರೆ ಉಪಯೋಗವಿಲ್ಲ) ಲಿಂಕ್ಡ್‌ಲಿಸ್ಟ್ ಕ್ಯೂ, ಕ್ಯೂ ಫೈಲಿನ ಹೆಸರು, ಮರುಪ್ರಯತ್ನ -1 (ಎಂದರೆ ಬಿಡದೆ ಪ್ರಯತ್ನಿಸುತ್ತಿರು) ಕೊಡಿ. ಫೈಲಿನ ಹೆಸರು ಬಿಟ್ಟರೆ ಕ್ಯೂ ಮೆಮರಿಯಲ್ಲೇ ಉಳಿಯುತ್ತದೆ.

ಎರಡೂ ಕಡೆ ಕ್ರೋನಿಯಿಂದ ಗಡಿಯಾರ ಸರಿಮಾಡಿ, ಆರ್‌ಸಿಸ್‌ಲಾಗ್ ಸರ್ವಿಸ್ ರೀಸ್ಟಾರ್ಟ್ ಮಾಡಿ. ನಂತರ ಲಾಗರ್ ಕಮಾಂಡಿನಿಂದ ‘ಬೀದರ್ ಪರೀಕ್ಷೆ’ ಎಂಬಂಥ ಒಂದು ಸಾಲು ಕಳಿಸಿ.

ನಿಮ್ಮ ಯಂತ್ರಗಳ ಐಪಿ ಪಟ್ಟಿ ಶುಕ್ರವಾರ ಮಧ್ಯಾಹ್ನದೊಳಗೆ ಇಲ್ಲೇ ಹಾಕಿ. ಶನಿವಾರ ಬಿಡುವಿಲ್ಲದವರು ಈಗಲೇ ಹೇಳ್ರಿ.